ಸ್ಮಿತ್ ಬಂದ

ಆಟದ ಎಲೆ ಎತ್ತಿ ನೋಡಿದ ಕೂಡಲೇ ಅಮರನಾಥ ಅದನ್ನು ಮಗುಚಿ ಹಿಡಿದ. ಅದೇ ಎಲೆ. ಹಾಳಾದ್ದು, ಅರವತ್ತು ಎಲೆಗಳಿರುವ ಕಟ್ಟಿನಲ್ಲಿ ಇವತ್ತೇ, ಈ ಕೊನೆಯ ಸುತ್ತಿನಲ್ಲೇ, ತನ್ನ ಕೈಗೇ ಬರಬೇಕೆ ಇದು? ಎಲೆಯನ್ನು ಎದೆಗೆ ಒತ್ತಿಕೊಂಡು ಎದುರಿಗೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಬಾವ ಗಂಗುಲಪ್ಪನವರ ಮುಖ ನೋಡಿದ. ಅವರಿಗೇನೂ ಗೊತ್ತಾದಂತಿರಲಿಲ್ಲ. ದಾಳವನ್ನು ಎರಡು ಅಂಗೈಗಳ ನಡುವೆ ಇಟ್ಟು ಕುಲುಕುತ್ತ, ಗೆದ್ದೇಬಿಟ್ಟವರ ಹಾಗೆ ಮೀಸೆಯೊಳಗೇ ನಗುತ್ತಿದ್ದರು. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ಸುನಂದ ಮುದ್ದೆಗೆ ಎಸರಿಟ್ಟಿದ್ದಳು. ಅಣ್ಣ ಬಂದಿದ್ದಾನೆಂದು ಕೋಳಿ ಸಾರು ಕುದಿಯುತ್ತಿತ್ತು. ಭಾನುವಾರ, ಸುಗಟೂರು, ಹನ್ನೆರಡಕ್ಕೆ ಹತ್ತು ನಿಮಿಷ. ಅಮರನಾಥ ಎಲೆಯ ಮೇಲಿದ್ದುದನ್ನು ಇನ್ನೊಂದು ಸಲ ಓದಿದ, ಓದಿದರೆ ಬದಲಾಗುತ್ತದೇನೋ ಎಂಬಂತೆ. ‘ಸ್ಮಿತ್ ಬಂದ! ಕಂಪನಿ ಕಡೆಯವರು ಈ ಎಲೆಯನ್ನು ಬಿಡುವಾಗ ಎದ್ದು ನಿಂತು, ಪಕ್ಕದ ಕೋಣೆಯವರಿಗೆ ಕೇಳಿಸುವಂತೆ ಸ್ಮಿತ್ ಬಂದ ಎಂದು ಕೂಗತಕ್ಕದ್ದು. ಕೇಳಿಸಿದರೆ ಹೈದರನ ಸೈನ್ಯವೆಲ್ಲ ಎರಡು ಮನೆ ಹಿಂದೆ ಸರಿಯತಕ್ಕದ್ದು. ಮೂರು ಅವಕಾಶ.’ ಬದಲಾಗಿರಲಿಲ್ಲ.

ಈ ಆಟ ಮಾಡಿದವನು ನರೇಶ. ಗಂಗುಲಪ್ಪನವರು ಮುಳಬಾಗಿಲಿನಲ್ಲಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿದ್ದಾಗ ಅವರಿಂದ ಓಡಿಸಿಕೊಂಡು, ಬಸ್ಕಿ ಹೊಡೆಸಿಕೊಂಡು ದೊಡ್ಡವನಾಗಿ, ಈಗ ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಇನ್ನೂರೈವತ್ತು ವರ್ಷದ ಹಿಂದೆ ಮುಳಬಾಗಿಲಿನ ಬಂಡೆಗಳ ನಡುವೆ ಹೈದರನಿಗೂ ಇಂಗ್ಲಿಷರ ಕಂಪನಿಯವರಿಗೂ ನಡೆದ ಕಾಳಗವನ್ನು ಇಬ್ಬರು ಕೂತು ಆಡುವ ಆಟವಾಗಿ ಮಾಡಿದ್ದ. ಅವತ್ತು ಸೋಲುತ್ತಿದ್ದ ಕಂಪನಿಯವರು ತಮ್ಮ ಕರ್ನಲ್ ಸ್ಮಿತ್ ನೆರವಿಗೆ ಬಂದನೆಂದು ಸುಳ್ಳೇ ಕೂಗಿ ಹೈದರನನ್ನು ಹಿಂದೆ ಸರಿಸಿದ್ದರಂತೆ, ಆ ಎಲೆ ಅಲ್ಲಿಂದ ಬಂದದ್ದು. ಕೋಲಾರ, ಮಾಲೂರು, ಮಾಸ್ತಿ, ಆವನಿ, ಎಲ್ಲವೂ ಆರು ಮೂಲೆಯ ಪುಟ್ಟ ಪುಟ್ಟ ಮನೆಗಳಲ್ಲಿ ಬಂದಿದ್ದವು. ರಟ್ಟಿನ ಕಾಯಿಗಳು, ಎರಡು ದಾಳ, ಮೂವತ್ತೆರಡು ಪುಟದ ನಿಯಮಗಳ ಪುಸ್ತಿಕೆ. ಅಚ್ಚು ಹಾಕಿದ್ದು ಮಾತ್ರ ಮದುವೆ ಕಾರ್ಡಿನ ಪ್ರೆಸ್ಸು. ಹಾಗಾಗಿ ಎಲೆಗಳ ತಲೆಯ ಮೇಲೆಲ್ಲ ‘ಶ್ರೀ’, ಎರಡು ಪಕ್ಕದಲ್ಲಿ ಬಾಳೆಕಂಬ, ಮೂಲೆಗಳಿಗೆ ಅರಿಸಿನ. ಫಿರಂಗಿ ಸಿಡಿಯುವ ಎಲೆಯ ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಸಾಲನ್ನು ತೆಗೆಯಲು ಮರೆತುಬಿಟ್ಟಿದ್ದರು. ಗುರುಗಳಿಗೆ ಅಂತ ನರೇಶ ಮೊದಲ ಪ್ರತಿಯನ್ನು ತಂದುಕೊಟ್ಟ. ಗುರುಗಳು ಅದನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ನೇರ ತಂಗಿಯ ಮನೆಗೆ ಬಂದರು. ಜೊತೆಗೆ ಕೂತು ಸೋಲುವವನು ಒಬ್ಬ ಬೇಕಲ್ಲ. ಇಪ್ಪತ್ತಮೂರು ಭಾನುವಾರ ಅಮರನಾಥ ಸೋತಿದ್ದ.

ಬಾವ ಯಾವಾಗಲೂ ಹೈದರ್. ಅದರಲ್ಲಿ ಮಾತೇ ಇಲ್ಲ. “ನಮ್ ಬೂದಿಕೋಟೇಲಿ ಹುಟ್ಟಿದೋನು ಕಣಯ್ಯಾ, ಬೇರೆಯೋರ್ಗೆ ಬಿಟ್ಕೊಡೋಕಾಗತ್ತಾ?” ಎಂದು ಮೊದಲ ದಿನವೇ ಹಸಿರು ಕಾಯಿಗಳನ್ನು ತಮ್ಮ ಕಡೆಗೆ ಬಳಿದುಕೊಂಡಿದ್ದರು. ಉಳಿದದ್ದು ಕೆಂಪು, ಕಂಪನಿ. ಹೀಗಾಗಿ ಸುಗಟೂರಿನಲ್ಲಿ ಹುಟ್ಟಿ ಬೆಳೆದ ಅಮರನಾಥ ವಾರಕ್ಕೊಂದು ದಿನ ಇಂಗ್ಲಿಷರವನಾಗಿ ತನ್ನ ಜಿಲ್ಲೆಯ ಮೇಲೇ ದಂಡೆತ್ತಿ ಬರಬೇಕಾಗಿತ್ತು. ಮೂರು ಸುತ್ತಿಗೊಮ್ಮೆ ಕಂಪನಿ ಸೈನ್ಯ ತಾನು ನಿಂತ ಊರಿನಿಂದ ದವಸ ಎತ್ತಬೇಕು, ಇಲ್ಲದಿದ್ದರೆ ಸಿಪಾಯಿಗಳು ಹಸಿವಿನಿಂದ ಸಾಯುತ್ತಾರೆ, ಅದು ನಿಯಮ. ಒಮ್ಮೆ ಸುಗಟೂರಿನ ರಾಗಿಯನ್ನೇ ಎತ್ತಬೇಕಾಗಿ ಬಂತು. ಅವತ್ತು ಸಂಜೆ ಎದುರು ಮನೆಯ ಚಿಕ್ಕಗಂಗಮ್ಮನ ಅಂಗಡಿಗೆ ಬೆಂಕಿಪೊಟ್ಟಣಕ್ಕೆ ಹೋದವನು ಆಕೆಯ ಮುಖ ನೋಡಲಾಗದೆ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟ. ಇನ್ನೊಮ್ಮೆ ಸೈನ್ಯ ಆವನಿಯಲ್ಲಿ ಸಿಕ್ಕಿಕೊಂಡಿತು. ಆವನಿ ಸುನಂದಳ ತವರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಮನೆಯವರು ತಾವಾಗಿ ಕೊಟ್ಟದ್ದನ್ನು ಬಿಟ್ಟರೆ ಅಲ್ಲಿಂದ ಒಂದು ಹಿಡಿ ಅವರೆಕಾಯಿಯನ್ನೂ ಅವನು ಕೇಳಿ ತಂದವನಲ್ಲ. ಈಗ ಬಂದೂಕು ತೋರಿಸಿ ಮಾವನ ಕಣಜಕ್ಕೆ ಕೈ ಹಾಕುವುದೆ? ಮೂರು ಸುತ್ತು ಸುಮ್ಮನೆ ಕೂತ. ಆರು ನೂರು ಸಿಪಾಯಿಗಳು ಅವನ ಮರ್ಯಾದೆಗಾಗಿ ಉಪವಾಸ ಸತ್ತರು. ಬಾವನಿಗೆ ಕಣ್ಣು ತುಂಬಿ ಬಂದಿತ್ತು. “ಒಳ್ಳೆ ಅಳಿಯ ಕಣಯ್ಯಾ ನೀನು” ಎಂದು ಬೆನ್ನು ತಟ್ಟಿ, ಉಳಿದವರ ಮೇಲೆ ಕುದುರೆ ನುಗ್ಗಿಸಿದ್ದರು.

ಆದರೆ ಅದೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಾದ ಸೋಲು. ಈ ಎಲೆಯದು ಬೇರೆ ಕಥೆ. ಹಿಂದೆ ಐದು ಸಲ ಬಂದಾಗಲೂ ಅಮರನಾಥ ಅದನ್ನು ಕೆಲಸಕ್ಕೆ ಬಾರದ ಎಲೆಯ ಹಾಗೆ ಮಗುಚಿ ಕಟ್ಟಿನ ಅಡಿಗೆ ತಳ್ಳಿದ್ದ. ಯಾಕೆಂದರೆ ಅಮರನಾಥನಿಗೆ ಕೂಗಲು ಬರುವುದಿಲ್ಲ. ಇದು ಮನೆಗೆ ಗೊತ್ತು, ಬೀದಿಗೆ ಗೊತ್ತು, ಕೋಲಾರದ ಗೂಡಿನ ಮಾರುಕಟ್ಟೆಗೆಲ್ಲ ಗೊತ್ತು. ಅಲ್ಲಿ ಅವನು ಗುಮಾಸ್ತ. ಮೊದಮೊದಲು ರೇಷ್ಮೆಗೂಡಿನ ಹರಾಜು ಕೂಗುವುದಕ್ಕೆ ಹಾಕಿದ್ದರು. “ಏನ್ ಸಾರ್, ಸಂಧ್ಯಾವಂದನೆ ಮಾಡ್ತಿದೀರಾ?” ಎಂದು ಯಾರೋ ಕೇಳಿ ಇಡೀ ಮಾರುಕಟ್ಟೆ ನಕ್ಕಿತ್ತು. ಆಮೇಲೆ ಹರಾಜೆಲ್ಲ ಮೊಬೈಲಿಗೆ ಬಂದಾಗ, ಸರ್ಕಾರ ಈ ಒಂದು ಕೆಲಸವನ್ನು ತನ್ನೊಬ್ಬನಿಗಾಗಿಯೇ ಮಾಡಿತು ಎಂದು ಅವನಿಗೆ ಅನಿಸಿತ್ತು. ಮನೆಯಲ್ಲಿ ಉಪ್ಪು ಬೇಕಾದರೆ ಕೂತಲ್ಲಿಂದ ಕೂಗುವುದಿಲ್ಲ, ಎದ್ದು ಅಡುಗೆಮನೆಯವರೆಗೆ ನಡೆದು ಕೇಳಿ ಬರುತ್ತಾನೆ. ಸಿಲಿಂಡರಿನ ಆಟೋ, ಸೊಪ್ಪಿನವಳು, ಬೀದಿಯ ಆ ತುದಿಯಲ್ಲಿ ಆಡುವ ಮಗಳು ಶ್ವೇತ, ಯಾರನ್ನು ಕರೆಯಬೇಕಾದರೂ ಸುನಂದಳೇ. ಅವಳ ಗಂಟಲು ಅಣ್ಣನದೇ ಗಂಟಲು. ಅಮರನಾಥನದು ಹುಟ್ಟುಗಂಟಲೇ ಸಣ್ಣದು, ಪಾಪ, ಏಳುವುದಿಲ್ಲ, ಎಂದು ಎಲ್ಲರೂ ನಂಬಿದ್ದರು. ಅದು ಸುಳ್ಳು. ಗಂಟಲು ಇತ್ತು. ಒಮ್ಮೆ ಬೆಟ್ಟದ ತಪ್ಪಲಿನಲ್ಲಿ ಯಾರೂ ಇಲ್ಲದಾಗ ಕೂಗಿ ನೋಡಿದ್ದ. ಎರಡು ಮೇಕೆ ಓಡಿಹೋಗಿದ್ದವು. ಇಲ್ಲದ್ದು ಗಂಟಲಲ್ಲ. ಕೂಗಿದರೆ ಜನ ತಿರುಗಿ ನೋಡುತ್ತಾರಲ್ಲ, ಆ ನೋಟವನ್ನು ತಡೆದುಕೊಳ್ಳುವ ಧೈರ್ಯ. ಇದು ಯಾರಿಗೂ ಗೊತ್ತಿರಲಿಲ್ಲ, ಅದರಲ್ಲೂ ಸುನಂದಳಿಗೆ ಗೊತ್ತಾಗಲೇಬಾರದಿತ್ತು. ಗೊತ್ತಾದರೆ ಬಸ್ಸಿನ ವಿಷಯ ಗೊತ್ತಾಗುತ್ತದೆ.

ಹನ್ನೊಂದು ವರ್ಷದ ಹಿಂದೆ ಶ್ರೀನಿವಾಸಪುರದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಇಬ್ಬರೂ ಬಸ್ಸು ಹತ್ತಿದ್ದರು. ಮೇ ತಿಂಗಳು. ಒಂದು ವರ್ಷದ ಶ್ವೇತ ಅವನ ತೊಡೆಯ ಮೇಲೆ ನಿದ್ದೆ ಹೋಗಿತ್ತು. “ಇನ್ನೂ ಹೊರಡಲ್ಲ, ಮಾವಿನಹಣ್ಣು ತಗೊಂಡ್ ಬರ್ತೀನಿ” ಎಂದು ಸುನಂದ ಇಳಿದಳು, ಬಸ್ಸು ಹೊರಟಿತು. ಅವನು ಬಾಯಿ ತೆರೆದದ್ದು ನಿಜ. ಆದರೆ ಏನೆಂದು ಕೂಗುವುದು? ಹೋಲ್ಡಾನ್ ಎನ್ನಬೇಕೆ? ಎಲ್ಲೋ ಓದಿದವನ ಜಂಬದಂತೆ ಕೇಳುತ್ತದೆ. ನಿಲ್ಲಿಸು ಎಂದರೆ ಕಂಡಕ್ಟರು ತನಗಿಂತ ದೊಡ್ಡವನು, ಏಕವಚನವಾಗುತ್ತದೆ. ನಿಲ್ಲಿಸಿ ಸ್ವಾಮಿ ಎಂದರೆ ಬೇಡುವವನ ಹಾಗಿರುತ್ತದೆ. ರೀ ಎಂದರೆ ಅರ್ಧ ಬಸ್ಸು ತಿರುಗುತ್ತದೆ. ಮಗು ಬೇರೆ ಏಳುತ್ತದೆ. ಹೀಗೆ ಒಂದೊಂದನ್ನೇ ತೂಗಿ ನೋಡುತ್ತಿರುವಾಗ ಕಿಟಕಿಯಲ್ಲಿ ಸುನಂದ ಕಂಡಳು, ಕೈಯಲ್ಲಿ ಹಣ್ಣಿನ ಚೀಲ, ಬಾಯಿ ದೊಡ್ಡದಾಗಿ ತೆರೆದಿತ್ತು, ಹಾರ್ನಿನ ಗದ್ದಲದಲ್ಲಿ ಅವಳ ಕೂಗೂ ಮುಳುಗಿಹೋಯಿತು. ಆಮೇಲೆ ಕೆರೆ ಏರಿ, ಮಾವಿನ ತೋಪು, ಇನ್ನೊಂದು ತೋಪು. ಬಸ್ಸು ತಾನಾಗಿ ನಿಂತ ಕಡೆ ಯಾರೋ ಇಳಿದರು, ಅವರ ಹಿಂದೆಯೇ ತನ್ನ ಸ್ಟಾಪೇ ಇದು ಎಂಬಂತೆ ಇಳಿದು, ಮಗುವನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಕಿಲೋಮೀಟರು ಬಿಸಿಲಲ್ಲಿ ವಾಪಸು ನಡೆದ. “ಕೂಗ್ಲಿಲ್ವಾ?” ಎಂದು ಕೇಳಿದಳು ಸುನಂದ. ಕೇಳಿದ್ದು ಅಷ್ಟೇ. ಅವನು, “ಕೂಗ್ದೆ ಕಣೇ, ಹತ್ತು ಸಲ ಕೂಗ್ದೆ. ಕಂಡಕ್ಟರ್‌ಗೆ ಕೇಳಿಸ್ಲೇ ಇಲ್ಲ. ನನ್ ಗಂಟ್ಲು ಇಷ್ಟೇ, ಏನ್ ಮಾಡ್ಲಿ?” ಎಂದ. ಹತ್ತು ಸಲ ಎಂದು ತಾನು ಯಾಕೆ ಸೇರಿಸಿದೆನೋ ಅವನಿಗೆ ಇವತ್ತಿಗೂ ತಿಳಿಯದು. ಒಂದು ಸಲ ಎಂದಿದ್ದರೂ ಸಾಕಾಗುತ್ತಿತ್ತು.

ಅವಳು ನಂಬಿದಳು. ನಂಬಿ ಸುಮ್ಮನಿದ್ದಿದ್ದರೆ ಅವನೂ ಮರೆಯುತ್ತಿದ್ದನೋ ಏನೋ. ಅವತ್ತು ರಾತ್ರಿಯೇ ಪಾಪ ಕೂಗಿ ಕೂಗಿ ನೊಂದ ಗಂಟಲಿಗೆ ಅಂತ ಮೆಣಸಿನ ಕಷಾಯ ಕಾಯಿಸಿಕೊಟ್ಟಳು. ಮುಂದಿನ ವಾರ ಊರ ಮೇಲೇ ಕೋಲಾರಕ್ಕೆ ಹೋಗುವ ಅದೇ ಬಸ್ಸು ಹತ್ತಿ ಆ ಕಂಡಕ್ಟರು ಆವಲಪ್ಪನಿಗೆ ಎಲ್ಲರ ಎದುರಿಗೆ ನೀರಿಳಿಸಿ ಬಂದಳು. “ಏನ್ರೀ, ಕಿವೀಲಿ ಏನ್ ಇಟ್ಕೊಂಡಿದೀರಾ? ಮಗೂನ ಎತ್ಕೊಂಡು ಒಬ್ಬ ಮನುಷ್ಯ ಹತ್ತು ಸಲ ಕೂಗಿದ್ರೆ ಕೇಳಿಸ್ಲಿಲ್ವಾ?” ಎಂದು ಕೇಳಿದೆ, ಅವನು ತಲೆ ತಗ್ಗಿಸಿ ತಪ್ಪಾಯ್ತಮ್ಮ ಅಂದ, ಎಂದು ಬಂದು ವರದಿ ಒಪ್ಪಿಸಿದಳು. ಹನ್ನೊಂದು ವರ್ಷವಾಯಿತು, ಈಗಲೂ ಆ ಬಸ್ಸು ಹತ್ತಿದಾಗಲೆಲ್ಲ ಟಿಕೆಟ್ಟು ತೆಗೆದುಕೊಳ್ಳುವಾಗ ಊರ ಹೆಸರನ್ನು ಕಿವುಡರಿಗೆ ಹೇಳುವಂತೆ ಎರಡೆರಡು ಸಲ ಕಿರುಚಿ ಹೇಳುತ್ತಾಳೆ. ಅಮರನಾಥ ಮಾತ್ರ ಅವತ್ತಿನಿಂದ ಆ ಬಸ್ಸಿನ ಬಾಗಿಲನ್ನೂ ಮುಟ್ಟಿಲ್ಲ. ಮಳೆಯೋ ಚಳಿಯೋ ತನ್ನ ಟಿ.ವಿ.ಎಸ್‌ನಲ್ಲಿ ಕೋಲಾರಕ್ಕೆ ಹೋಗುತ್ತಾನೆ. ದಾರಿಯಲ್ಲಿ ಆ ಬಸ್ಸು ಎದುರಾದರೆ ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಳ್ಳುತ್ತಾನೆ.

“ಏನಪ್ಪಾ ಕಂಪನಿ ಸರ್ಕಾರ, ನಿದ್ದೆ ಬಂತಾ?” ಬಾವ ಚಾಪೆ ತಟ್ಟಿದರು. “ನಿಂದೇ ಸರದಿ. ಎಲೆ ಇದ್ರೆ ಬಿಡು, ಇಲ್ಲಾಂದ್ರೆ ನಾನು ದಾಳ ಹಾಕ್ತೀನಿ. ಎರಡಕ್ಕಿಂತ ಜಾಸ್ತಿ ಏನ್ ಬಿದ್ರೂ ನಿನ್ ಕಥೆ ಅಯಿಪೋಯಿಂದಿ, ಮುಗೀತು.”

ಅಮರನಾಥ ಮಣೆ ನೋಡಿದ. ಮುಳಬಾಗಿಲಿನ ಬಂಡೆಯ ಮೇಲೆ ಅವನ ಎರಡು ಕೆಂಪು ಕಾಯಿ, ಒಂದು ಫಿರಂಗಿ, ಒಂದು ಕಾಲಾಳು. ಸುತ್ತ ಐದು ಮನೆಗಳಲ್ಲಿ ಹಸಿರು ಕುದುರೆಗಳು. ಇದು ಕೊನೆಯ ಸುತ್ತು. ಈ ಸುತ್ತು ಮುಗಿಯುವವರೆಗೆ ಬಂಡೆ ಉಳಿದರೆ ಕಂಪನಿ ಗೆದ್ದಂತೆ. ಇಷ್ಟು ಹತ್ತಿರಕ್ಕೆ ಅವನು ಯಾವತ್ತೂ ಬಂದಿರಲಿಲ್ಲ. ಇಪ್ಪತ್ತಮೂರು ವಾರ ಕೊನೆಯ ಸುತ್ತು ಬರುವ ಮುಂಚೆಯೇ ಸತ್ತಿರುತ್ತಿದ್ದ. ಎಲೆ ಬಿಟ್ಟು ಕೂಗಿದರೆ ಆ ಐದೂ ಕುದುರೆ ಎರಡೆರಡು ಮನೆ ಹಿಂದಕ್ಕೆ ಹೋಗುತ್ತವೆ, ಆಟ ಅವನದು. ಕೂಗಿದರೆ ಸುನಂದ ಕೇಳಿಸಿಕೊಳ್ಳುತ್ತಾಳೆ, ಹನ್ನೊಂದು ವರ್ಷದ ಗಂಟಲು ಹೋಯಿತು. ಕೂಗದಿದ್ದರೆ ಇಪ್ಪತ್ತನಾಲ್ಕನೆಯ ಸೋಲು, ಮೇಲೆ ಮುಂದಿನ ವಾರದವರೆಗೆ ಆಡಿಕೊಳ್ಳಲು ಬಾವನ ಫೋನು. ನಡುವೆ ಒಂದು ದಾರಿ ಇಲ್ಲವೆ? ಇತ್ತು. ಬಾವನಿಗೆ ಮಾತ್ರ ಕೇಳಿಸುವಷ್ಟು ಕೂಗಿದರೆ? ನಿಯಮ ಪಕ್ಕದ ಕೋಣೆ ಎನ್ನುತ್ತದೆ, ಆದರೆ ಬಾವ ಮನಸ್ಸು ಮಾಡಿದರೆ ಒಪ್ಪಬಹುದು. ಆವನಿಯ ರಾಗಿ ಬಿಟ್ಟುಕೊಟ್ಟವನು ತಾನು. ಅಷ್ಟು ಋಣ ಬಾವನಿಗೂ ಇರಬೇಕಲ್ಲ.

ಎಲೆಯನ್ನು ಮಣೆಯ ಮೇಲೆ ಇಟ್ಟ. ಬಾವ ಬಗ್ಗಿ ಓದಿದರು. ಒಂದು ಸಲ ಓದಿ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

“ಓಹೋಹೋ! ಇದೊಂದಿತ್ತಾ ಇದ್ರಲ್ಲಿ? ಆ ನರೇಶ ನನ್ನ ಕಾಲು ಎಳೆಯೋಕೇ ಮಾಡಿದಾನೆ ಇದನ್ನ. ಏಳು, ಏಳು. ಎದ್ದು ನಿಂತ್ಕೋ. ನಿಯಮ ಅಂದ್ರೆ ನಿಯಮ.”

ಅಮರನಾಥ ಎದ್ದು ನಿಂತ. ಲುಂಗಿ ಸರಿಮಾಡಿಕೊಂಡ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ರಾಷ್ಟ್ರಗೀತೆಗೆ ನಿಂತವನಂತೆ ಪಕ್ಕಕ್ಕೆ ಇಳಿಬಿಟ್ಟ. “ಸ್ಮಿತ್ ಬಂದ” ಎಂದ. ಬಸ್ಸಿನಲ್ಲಿ ಪಕ್ಕದವರಿಗೆ ಸ್ವಲ್ಪ ಜರುಗಿ ಎನ್ನುವ ಧ್ವನಿ.

“ಯಾರಿಗ್ ಹೇಳ್ದೆ? ನನಗಾ, ದೇವರಿಗಾ?” ಬಾವ ತೊಡೆ ತಟ್ಟಿಕೊಂಡು ನಕ್ಕರು. “ಒಂದಾಯ್ತು. ಒಳಗೆ ನಮ್ ಸುನಂದ ಇದಾಳೆ, ಅವಳಿಗೆ ಕೇಳಿಸ್ಬೇಕು. ಇನ್ನೆರಡು.”

ಎರಡನೆಯದಕ್ಕೆ ಅವನು ಉಸಿರು ಎಳೆದುಕೊಂಡದ್ದು ಸುಳ್ಳಲ್ಲ. ಸ್ವಲ್ಪ ಜೋರಾಗಿಯೇ ಶುರುವಾಯಿತು ಕೂಡ. ಆದರೆ ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಎಂಥ ಕೂಗು ಅದು! ಒಂದು ಅಲ್ಯೂಮಿನಿಯಂ ಪಾತ್ರೆಗೆ ಇಷ್ಟು ಧೈರ್ಯವಿದೆ, ಯಾರು ತಿರುಗಿ ನೋಡುತ್ತಾರೆ ಎಂಬ ಯೋಚನೆಯೇ ಇಲ್ಲ. ಅಮರನಾಥ ಮಾತಿನ ಮಧ್ಯದಲ್ಲೇ ನಿಲ್ಲಿಸಿ, ದೊಡ್ಡವರು ಮಾತಾಡುವಾಗ ಕಾಯುವವನ ಹಾಗೆ ಅದು ಮುಗಿಯುವವರೆಗೆ ಕಾದ. ಬಾವ, “ಎರಡಾಯ್ತು” ಎಂದರು. “ಕುಕ್ಕರು ಕೂಗ್ತು ಬಾವ,” ಎಂದ ಇವನು. “ಕುಕ್ಕರು ಹೈದರನ ಕಡೆ ಕಣಯ್ಯಾ,” ಎಂದರು ಅವರು.

ಆಮೇಲೆ ಅವರ ಮುಖ ಬದಲಾಯಿತು. ನಗು ಇಳಿದು ಒಂದು ಥರದ ಮರುಕ ಬಂತು. ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. “ಬಿಡು ಅಮರ, ಹಠ ಮಾಡ್ಬೇಡ. ಹುಟ್ಟಿದ ಗಂಟ್ಲು ಹಂಗಿದ್ರೆ ನೀನೇನ್ ಮಾಡ್ತೀಯ? ಅವತ್ತು ಶ್ರೀನಿವಾಸಪುರ ಬಸ್ಸಲ್ಲಿ ಕೈಗೂಸು ಎತ್ಕೊಂಡು ಅದೆಷ್ಟ್ ಕೂಗಿದ್ಯೋ ಏನೋ ಪಾಪ. ಸುನಂದ ಹೇಳ್ತಾ ಹೇಳ್ತಾ ಅತ್ತುಬಿಟ್ಲು ನಮ್ ಮನೇಲಿ. ಹತ್ತು ಸಲ! ಆ ಕಂಡಕ್ಟರ್ ನನ್ನ ಕೈಗೆ ಸಿಕ್ಕಿದ್ರೆ... ಕೂತ್ಕೋ, ಕೂತ್ಕೋ. ಇದನ್ನ ಸೋಲು ಅಂತ ನಾನು ಎಣಿಸಲ್ಲ, ಆಯ್ತಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆಡಿಕೊಂಡಿದ್ದರೆ ಅಭ್ಯಾಸವಿತ್ತು. ಈ ಪಾಪ ಎನ್ನುವುದನ್ನು ಮಾತ್ರ ತಡೆಯಲಾಗಲಿಲ್ಲ. ಇಲ್ಲದ ಕೂಗಿಗೆ ಇಷ್ಟು ಕಣ್ಣೀರು, ಇಷ್ಟು ಕಷಾಯ, ಈಗ ಹೆಗಲ ಮೇಲೆ ಈ ಭಾರವಾದ ಬೆಚ್ಚನೆಯ ಕೈ. ಅವನಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅದು ಹೊಟ್ಟೆಯಿಂದ ಎದ್ದು ಎದೆಗೆ ಬಂದು ಅಲ್ಲಿ ನಿಲ್ಲದೆ ಮೇಲಕ್ಕೆ ಹೊರಟಿತು. ಕಣ್ಣು ಮುಚ್ಚಿದ. “ಸ್ಮಿತ್ ಬಂದಾಆಆ!” ಎಂದು ಕೂಗಿದ.

ಕಪಾಟಿನ ಗಾಜು ಝಣ್ ಎಂದಿತು. ಬಾವ ಕಿವಿಗೆ ಕೈ ಹಿಡಿದು ಚಾಪೆಯ ಮೇಲೆ ಕೂತೇಬಿಟ್ಟರು. ಬೀದಿಯ ಎರಡು ನಾಯಿ ಬೊಗಳತೊಡಗಿದವು. ಎದುರು ಮನೆಯಿಂದ ಚಿಕ್ಕಗಂಗಮ್ಮ, “ಸುನಂದಾ, ಯಾರೇ ಬಂದಿರೋದು?” ಎಂದು ಕೂಗಿದಳು. ಒಳಗಿಂದ ಸುನಂದ ಉತ್ತರ ಕೊಟ್ಟದ್ದೂ ಕೇಳಿಸಿತು, “ಗೊತ್ತಿಲ್ಲ ಚಿಕ್ಕಮ್ಮ, ಯಾರೋ ಬಂದವ್ರೆ!” ಎಂದು. ಆಮೇಲೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಊಟದ ಹೊತ್ತಿಗೆ ಮನೆಗೆ ಯಾರು ಬಂದರೆಂದು ಕೇಳಿಸಿದರೂ ಯಾರು, ಎಲ್ಲಿಯವರು ಎಂದು ವಿಚಾರಿಸುವ ಮುಂಚೆ ಎಸರಿಗೆ ಇನ್ನೊಂದು ಹಿಡಿ ಹಿಟ್ಟು ಬೀಳುವುದು ಆ ಮನೆಯ ರೂಢಿ. ಅರ್ಧ ನಿಮಿಷದಲ್ಲಿ ಸುನಂದ ಮುದ್ದೆ ಕೋಲನ್ನು ಕೈಯಲ್ಲೇ ಹಿಡಿದುಕೊಂಡು, ಇನ್ನೊಂದು ಕೈಯಿಂದ ಸೆರಗು ಸರಿಮಾಡಿಕೊಳ್ಳುತ್ತ ನಗುಮುಖದಿಂದ ಬಾಗಿಲಿಗೆ ಬಂದಳು. “ಬರ್ಲಿ ಬರ್ಲಿ, ಕೂರ್ಸಿ. ಒಂದ್ ಮುದ್ದೆಗೆ ಜಾಸ್ತಿ ಹಾಕಿದೀನಿ. ಎಲ್ಲಿ?”

ಯಾರೂ ಇರಲಿಲ್ಲ. ಬಾಗಿಲ ಹೊರಗೆ ಬಿಸಿಲು.

“ಆಟದ್ದು ಕಣಮ್ಮ,” ಎಂದರು ಬಾವ, ಇನ್ನೂ ಕಿವಿ ಬಿಡದೆ. “ಸ್ಮಿತ್ ಅಂತ ಒಬ್ಬ ಕರ್ನಲ್. ಅವನು ಬಂದ ಅಂತ ಕೂಗಿದ್ರೆ ನಾನು ಹಿಂದೆ ಹೋಗ್ಬೇಕು.”

“ಅದಕ್ಕೆ ಊರೆಲ್ಲ ಕೇಳೋ ಹಂಗೆ ಕೂಗ್ಬೇಕಾ ಅಣ್ಣ? ನಾನ್ ಹೆದ್ರಿಬಿಟ್ಟೆ.”

“ನಾನೆಲ್ಲಮ್ಮ ಕೂಗ್ದೆ? ಇವನು.”

ಸುನಂದಳ ನಗು ಒಮ್ಮೆಲೆ ಹೋಗಲಿಲ್ಲ. ಮುಖದಲ್ಲಿ ಸ್ವಲ್ಪ ಹೊತ್ತು ಹಾಗೇ ಉಳಿದು, ಏನು ಮಾಡಬೇಕೆಂದು ಗೊತ್ತಾಗದೆ ಆಮೇಲೆ ಹೋಯಿತು. ಗಂಡನನ್ನು ನೋಡಿದಳು. ಅಮರನಾಥ ಇನ್ನೂ ನಿಂತೇ ಇದ್ದ, ಕೈಗಳು ಪಕ್ಕದಲ್ಲಿ. ಬಾವ ನಿಯಮಕ್ಕೆ ತಲೆಬಾಗಿ ಒಂದೊಂದೇ ಹಸಿರು ಕುದುರೆಯನ್ನು ಎರಡೆರಡು ಮನೆ ಹಿಂದಕ್ಕೆ ಸರಿಸುತ್ತಿದ್ದರು. ಐದನೆಯದೂ ಸರಿಯಿತು. ಬಂಡೆ ಉಳಿಯಿತು. ಅಮರನಾಥ ಯುದ್ಧ ಗೆದ್ದಿದ್ದ, ಆದರೆ ಅದನ್ನು ನೋಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಅವನನ್ನೂ ಸೇರಿಸಿ.

“ನಿಮಗೆ ಕೂಗೋಕ್ ಬರತ್ತೆ,” ಎಂದಳು ಸುನಂದ.

ಅವನು ಮತ್ತೆ ಲುಂಗಿ ಸರಿಮಾಡಿಕೊಂಡ.

“ಯಾವನೋ ಸ್ಮಿತ್ತು. ಅವನ ಮುಖ ನೋಡಿಲ್ಲ, ಮೂತಿ ನೋಡಿಲ್ಲ. ಸತ್ತು ಎಷ್ಟ್ ಕಾಲ ಆಯ್ತೋ. ಅವನಿಗೆ ಇಷ್ಟ್ ಗಂಟ್ಲು ಬಂತು. ನನಗ್ ಬರ್ಲಿಲ್ವಾ?”

ಕೋಲಿನ ತುದಿಯಿಂದ ಒಂದು ಚೂರು ಮುದ್ದೆ ನೆಲಕ್ಕೆ ಬಿತ್ತು. ಯಾರೂ ಅದನ್ನು ನೋಡಲಿಲ್ಲ. ಅಮರನಾಥನಿಗೆ ಇನ್ನೊಂದು ಸುಳ್ಳು ನಾಲಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಅವತ್ತು ಮಗು ಮಲಗಿತ್ತು, ಅವತ್ತು ಶೀತವಾಗಿತ್ತು, ಕಷಾಯದಿಂದಲೇ ಈಗ ಗಂಟಲು ಸರಿಹೋಗಿರಬೇಕು, ಎಂಥ ಒಳ್ಳೆಯ ಸುಳ್ಳುಗಳು. ಆದರೆ ಕೂಗಿದ ಮೇಲೆ ಒಳಗೆಲ್ಲ ಗುಡಿಸಿಟ್ಟ ಹಾಗೆ ಖಾಲಿಯಾಗಿತ್ತು. “ಅವತ್ತು ನಾನು ಕೂಗ್ಲೇ ಇಲ್ಲ ಕಣೇ,” ಎಂದ. ತನ್ನ ಹಳೆಯ ಧ್ವನಿಯಲ್ಲಿ. “ಒಂದು ಸಲಾನೂ ಕೂಗ್ಲಿಲ್ಲ. ಎಲ್ರೂ ತಿರುಗಿ ನೋಡ್ತಾರೆ ಅಂತ ನಾಚ್ಕೆ ಆಯ್ತು.”

ಬಾವ ಕುದುರೆ ಕಾಯಿಗಳನ್ನು ಸುಮ್ಮಸುಮ್ಮನೆ ಡಬ್ಬಿಗೆ ತುಂಬತೊಡಗಿದರು. ಸುನಂದ ಒಳಗೆ ಹೋದಳು. ಊಟಕ್ಕೆ ಬಡಿಸಿದಳು, ಸಾರಿನಲ್ಲಿ ತೊಡೆಯ ತುಂಡೆಲ್ಲ ಅಣ್ಣನಿಗೇ ಹೋದವು. ಅಮರನಾಥನ ತಟ್ಟೆಗೆ ಕತ್ತಿನ ತುಂಡು ಬಂತು. ಕೊನೆಗೆ ಮಜ್ಜಿಗೆ ಹಾಕುವಾಗ ಅವಳು ಮಾತಾಡಿದಳು. “ನನ್ ವಿಷಯ ಇರ್ಲಿ. ಬಿಸ್ಲಲ್ಲಿ ಒಂದ್ ಗಂಟೆ ನಿಂತಿದ್ದೆ, ಸತ್ತೇನ್ ಹೋಗ್ಲಿಲ್ಲ. ಆ ಆವಲಪ್ಪಂಗೆ ಹನ್ನೊಂದ್ ವರ್ಷ ಬೈದಿದೀನಿ. ದೀಪಾವಳಿ ದಿನಾನೂ ಬಿಟ್ಟಿಲ್ಲ. ಆ ಮನುಷ್ಯ ಒಂದ್ ದಿನಾನೂ ಎದುರು ಮಾತಾಡ್ಲಿಲ್ಲ. ನಾಳೆ ಏಳೂವರೆ ಬಸ್ಸಿಗೆ ನೀವು ನನ್ ಜೊತೆ ಬರ್ತೀರಿ. ಬಂದು ಅವನಿಗೆ ಹೇಳ್ತೀರಿ.”

“ಟಿ.ವಿ.ಎಸ್ಸು...” ಎಂದ ಅಮರನಾಥ.

“ಟಿ.ವಿ.ಎಸ್ ಮನೇಲಿರತ್ತೆ.”

ಸೋಮವಾರದ ಏಳೂವರೆ ಬಸ್ಸು ಎಂಟಕ್ಕೆ ಐದು ನಿಮಿಷ ಇದೆ ಎನ್ನುವಾಗ ಬಂತು. ಇದು ಯಾವಾಗಲೂ ಹೀಗೇ ಎಂದು ಕಾದು ನಿಂತವರು ಗೊಣಗುತ್ತಿದ್ದರು. ಸುನಂದ ಮುಂದೆ ಹೆಂಗಸರ ಕಡೆ ಸೀಟು ಹಿಡಿದು ಕೂತಳು, ಕೂತು ಹಿಂದಕ್ಕೆ ತಿರುಗಿ ಗಂಡನನ್ನೇ ನೋಡತೊಡಗಿದಳು. ಬಸ್ಸು ತುಂಬಿತ್ತು, ಹಾಲಿನ ಕ್ಯಾನು, ಕಾಲೇಜಿನ ಹುಡುಗಿಯರು, ಟೊಮೇಟೊ ಬಾಕ್ಸು. ಅಮರನಾಥ ಕಂಬಿ ಹಿಡಿದು ಹಿಂದಿನ ಬಾಗಿಲ ಹತ್ತಿರಕ್ಕೆ ನುಸುಳಿದ. ಆವಲಪ್ಪ ಅಲ್ಲೇ ಇದ್ದ, ಹನ್ನೊಂದು ವರ್ಷಕ್ಕೆ ತಲೆ ಪೂರ್ತಿ ಬೆಳ್ಳಗಾಗಿತ್ತು. ವಿಸಲ್ಲನ್ನು ತುಟಿಯ ಹತ್ತಿರ ಹಿಡಿದುಕೊಂಡು, ಊದುವ ಮೊದಲು ಬಸ್ಸಿನೊಳಕ್ಕೂ ಹೊರಕ್ಕೂ ಕತ್ತು ಚಾಚಿ, “ಯಾರಾದ್ರೂ ಕೂಗಿದ್ರಾ? ಯಾರಾದ್ರೂ ಕೂಗಿದ್ರಾ? ಯಾರಾದ್ರೂ ಇಳಿದೋರು, ಹತ್ತೋರು, ಕೂಗಿದ್ರಾ?” ಎಂದು ಮೂರು ಸಲ ಕೇಳಿದ. ಯಾರೋ ಆಕಳಿಸಿದರು. ಆಮೇಲೆ ಊದಿದ.

“ಆವಲಪ್ಪ, ಸ್ವಲ್ಪ ಮಾತಾಡ್ಬೇಕಿತ್ತು,” ಎಂದ ಅಮರನಾಥ.

ಆವಲಪ್ಪ ಕಿವಿಗೆ ಅಂಗೈ ಆನಿಸಿ ಬಗ್ಗಿದ. “ಸ್ವಲ್ಪ ಜೋರಾಗ್ ಹೇಳಿ ಸಾರ್, ನನಗೆ ಕಿವಿ ಮಂದ. ಹನ್ನೊಂದು ವರ್ಷ ಆಯ್ತು ಸಾರ್. ಯಾರೋ ಒಬ್ರು ಪ್ಯಾಸೆಂಜರು, ಪಾಪ, ಮಗು ಎತ್ಕೊಂಡು ಹತ್ತು ಸಲ ಕೂಗಿದ್ರೂ ನನಗೆ ಗೊತ್ತೇ ಆಗ್ಲಿಲ್ಲ. ಅವತ್ತೇ ತಿಳೀತು. ಕೋಲಾರದಲ್ಲಿ ಎರಡ್ ಕಡೆ ತೋರಿಸ್ದೆ. ಚೆನ್ನಾಗಿದೆ, ಏನೂ ಆಗಿಲ್ಲ ಅಂತಾರೆ ಡಾಕ್ಟ್ರು. ಅವರಿಗೇನ್ ಗೊತ್ತು ಸಾರ್? ಅದಕ್ಕೇ ನಾನು ಮೂರ್ ಸಲ ಕೇಳದೆ ವಿಸಲ್ ಊದಲ್ಲ. ಲೇಟಾದ್ರೆ ಆಗ್ಲಿ, ಜನ ಬೈದ್ರೆ ಬೈಲಿ. ಟಿಕೆಟ್ ಎಲ್ಲಿಗೆ?”

ಅಮರನಾಥ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾಚಿಕೆ ಕಾಲಿನಿಂದ ಹತ್ತಿ ಬಂತು, ಇದು ಹಳೆಯ ನಾಚಿಕೆಯಲ್ಲ, ಜನ ನೋಡುತ್ತಾರೆಂಬುದಲ್ಲ. ಕಿವಿ ಸರಿಯಿದ್ದ ಮನುಷ್ಯನೊಬ್ಬ ತನ್ನ ಒಂದು ಮಾತನ್ನು ನಂಬಿ ಇಷ್ಟು ವರ್ಷ ಕಿವುಡನಾಗಿದ್ದ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಿತು, ಒಬ್ಬ ಮುದುಕಿ ಇಳಿದಳು, ಇಬ್ಬರು ಹತ್ತಿದರು. ಆವಲಪ್ಪ ಕತ್ತು ಚಾಚಿದ. “ಯಾರಾದ್ರೂ ಕೂಗಿದ್ರಾ?”

“ಯಾರೂ ಕೂಗ್ಲಿಲ್ಲ!” ಎಂದ ಅಮರನಾಥ. ಕಾಲೇಜಿನ ಹುಡುಗಿಯರು ತಿರುಗಿದರು. ಹಾಲಿನವನು ತಿರುಗಿದ. ಮುಂದೆ ಡ್ರೈವರು ಕನ್ನಡಿಯಲ್ಲಿ ನೋಡಿದ. ನೋಡಲಿ. “ಯಾರೂ ಕೂಗ್ಲಿಲ್ಲ ಆವಲಪ್ಪಾ! ಅವತ್ತೂ ಯಾರೂ ಕೂಗ್ಲಿಲ್ಲ! ಮಗು ಎತ್ಕೊಂಡಿದ್ದೋನು ನಾನೇ! ಸುಮ್ನೆ ಕೂತಿದ್ದೆ, ಸುಳ್ಳು ಹೇಳ್ದೆ! ನಿಮ್ ಕಿವಿ ಚೆನ್ನಾಗಿದೆ!”

ಬಸ್ಸಿನ ಎಂಜಿನ್ನು ಗುರ್ ಎನ್ನುತ್ತಿತ್ತು. ಆವಲಪ್ಪ ವಿಸಲ್ಲನ್ನು ತುಟಿಯಿಂದ ತೆಗೆದ. ಮುಂದಿನ ಸೀಟಿನಲ್ಲಿ ಸುನಂದ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ ಅಷ್ಟು ದೂರಕ್ಕೆ ತಿಳಿಯುವಂತಿರಲಿಲ್ಲ.

“ಕೇಳಿಸ್ತು ಸಾರ್,” ಎಂದ ಆವಲಪ್ಪ. “ಇನ್ನೊಂದ್ ಸಲ ಹೇಳಿ.”

ಅಮರನಾಥ ಇನ್ನೊಂದು ಸಲ ಹೇಳಿದ.